ಖಾರದ ಕಂಬಳಿ

ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದವರು ಮೊದಲ ದಿನ ನಾಲ್ಕು ಪಾತ್ರೆ, ಎರಡು ಹಾಸಿಗೆ ಸುರುಳಿ, ಒಂದು ಕಬ್ಬಿಣದ ಕಪಾಟು ಇಳಿಸಿದರು. ಗಂಡ ಲಕ್ಷ್ಮಿಕಾಂತ, ಹೆಂಡತಿ ದೇವಕಮ್ಮ, ವಡಗೇರಾ ಕಡೆಯವರು. ನನ್ನ ಅತ್ತೆ ಭೀಮಮ್ಮ ಹೊಸಬರೆಂದು ಎಂಟು ಸಜ್ಜೆ ರೊಟ್ಟಿ, ಒಂದು ಮುಟಿಗೆ ಶೇಂಗಾ ಹಿಂಡಿ ಕಳಿಸಿದಳು. ಎರಡನೆಯ ದಿನ ಟ್ರ್ಯಾಕ್ಟರಿನಲ್ಲಿ ಖಾರ ಕುಟ್ಟುವ ಎರಡು ಮಷೀನು ಬಂದವು. ಅವನ್ನು ಇಳಿಸಲು ಹೆಗಲು ಕೊಟ್ಟವರು ನಮ್ಮ ಮನೆಯವರೇ. ಅತ್ತೆ ಆಮೇಲೆ ಮಗನಿಗೆ ಎಷ್ಟೋ ಸಲ ಅಂದಳು, "ಬೀರ್ಯಾ, ನಿನ್ನ ಹೆಗಲಿಗಿ ಅವತ್ತು ಏನ್ ಹುಕಿ ಬಂದಿತ್ತೋ."

ನಾವು ಕಂಬಳಿ ನೇಯುವವರು. ಮನೆಯೊಳಗೆ ಕುಣಿಮಗ್ಗ ಇದೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದು ನನ್ನ ಗಂಡನ ಪಾಲು. ಉಣ್ಣೆ ಹಿಂಜುವುದು, ನೂಲುವುದು ನನ್ನ ಪಾಲು. ಅತ್ತೆಯದು ಇವೆರಡಕ್ಕಿಂತ ದೊಡ್ಡದು. ಮಗ್ಗಕ್ಕೆ ಏರಿಸುವ ಮೊದಲು ನೂಲನ್ನು ಉದ್ದಕ್ಕೆ ಎಳೆದು ಕಟ್ಟಬೇಕು. ಅದಕ್ಕೆ ಹಾಸು ಅನ್ನುತ್ತೇವೆ. ಹುಣಸೆ ಬೀಜ ಹುರಿದು, ನೆನೆಸಿ, ಅರೆದು, ಕುದಿಸಿ ಮಾಡಿದ ಗಂಜಿಯನ್ನು ದೊಡ್ಡ ಕುಂಚದಿಂದ ಆ ಹಾಸಿನ ಎಳೆಎಳೆಗೂ ಉಣಿಸಬೇಕು. ಗಂಜಿ ಕುಡಿದ ಎಳೆ ಬಿಸಿಲಿಗೆ ಒಣಗಿ ಗಟ್ಟಿಯಾದರೆ ಮಾತ್ರ ಕಂಬಳಿ ಕಂಬಳಿಯಾಗುತ್ತದೆ, ಮಳೆ ನೀರು ಒಳಗೆ ಬಿಡುವುದಿಲ್ಲ. ಅಷ್ಟು ಉದ್ದದ ಹಾಸು ಮನೆಯೊಳಗೆ ಹಿಡಿಯುತ್ತದೆಯೇ? ಓಣಿಯೇ ಬೇಕು. ಅತ್ತೆ ಮದುವೆಯಾಗಿ ಬಂದಾಗಿನಿಂದ ಸುರಪುರದ ಈ ಓಣಿಯಲ್ಲೇ ಹಾಸು ಕಟ್ಟುತ್ತಾ ಬಂದಿದ್ದಾಳೆ. ಸುತ್ತಲ ಕುರಿಗಾರರು ಕಂಬಳಿ ಅನ್ನುವುದಿಲ್ಲ, "ಭೀಮಮ್ಮನ ಕಂಬಳಿ" ಅನ್ನುತ್ತಾರೆ. ಈ ಮನೆಗೆ ಇರುವ ಆಸ್ತಿ ಆ ಹೆಸರೊಂದೇ.

ಮೆಣಸಿನಕಾಯಿ ಬರುವುದೂ ಬೇಸಿಗೆಗೇ, ಹಾಸು ಒಣಗುವುದೂ ಬೇಸಿಗೆಗೇ. ಮಷೀನಿನ ದಡಬಡಕ್ಕೆ ಒಂದು ವಾರದಲ್ಲಿ ಕಿವಿ ಒಗ್ಗಿತು. ಮೂಗು ಒಗ್ಗಲಿಲ್ಲ. ಬೆಳಗ್ಗೆ ಎಂಟಕ್ಕೆ ಬಟನ್ ಒತ್ತಿದರೆ ಓಣಿ ತುಂಬ ಸೀನು. ನಮ್ಮ ಮನೆಯವರು ಮಗ್ಗದಲ್ಲಿ ಕೂತು ಸೀನಿದರೆ ಲಾಳಿ ಹಾರಿ ಒಲೆಯ ಹತ್ತಿರ ಬೀಳುತ್ತಿತ್ತು. ಶಹಾಪುರದಿಂದ ನನ್ನ ತಂಗಿ ನಂದಿನಿ ವಿಡಿಯೋ ಕಾಲ್ ಮಾಡಿದವಳು ನನ್ನ ಮುಖ ಕಂಡ ಕೂಡಲೇ, "ಯಕ್ಕಾ, ಮಾವ ಏನರ ಅಂದನೇನು? ಯಾಕ ಅಳಾಕತ್ತಿ?" ಎಂದು ತಾನೂ ಅಳಲು ಶುರು ಮಾಡಿದಳು.

"ಯಾರೂ ಏನೂ ಅಂದಿಲ್ಲಬೇ. ಪಕ್ಕದ ಮನ್ಯಾಗ ಖಾರ ಕುಟ್ಟಾಕತ್ತಾರ."

ಎದುರು ಮನೆಯ ಸಾಯಬಮ್ಮ ಆಡು ಸಾಕಿಕೊಂಡಿದ್ದಾಳೆ. ಒಂದು ಮಧ್ಯಾಹ್ನ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಓಡಿ ಬಂದಳು.

"ಭೀಮಕ್ಕಾ, ನನ್ನ ಆಡು ಸೈತ ಸೀನಾಕತ್ತಾವ! ಆಡು ಸೀನೋದು ನನ್ನ ಜನ್ಮದಾಗ ನೋಡಿದ್ದಿಲ್ಲ. ಒಂದು ಸೀನಿದ್ರ ಉಳದವು ಸಾಲ ಹಿಡದು ಸೀನ್ತಾವ."

ಅತ್ತೆ ನಗಲಿಲ್ಲ. ಅವಳ ಕಣ್ಣು ಓಣಿಯ ಮೇಲಿತ್ತು. ಲಕ್ಷ್ಮಿಕಾಂತ ನಮ್ಮ ಬಾಗಿಲ ಮುಂದಿನಿಂದ ಬೇವಿನ ಮರದವರೆಗೆ ತಾಡಪಾಲು ಹಾಸಿ ಮೆಣಸಿನಕಾಯಿ ಒಣಹಾಕಿದ್ದ. ಕಾಲಿಡಲು ಜಾಗವಿರಲಿಲ್ಲ.

"ಏ ಲಕ್ಷ್ಮಿಕಾಂತ," ಅತ್ತೆ ಕಟ್ಟೆಯ ಮೇಲಿಂದಲೇ ಕರೆದಳು, "ನಾಳಿಗಿ ಹಾಸು ಕಟ್ಟೋದದ. ನಿನ್ನ ತಾಡಪಾಲು ಸುತ್ತಿಟ್ಕೋ."

ಅವನು ಕೈಯಲ್ಲಿದ್ದ ಸಲಿಕೆ ಊರಿ ನಿಂತು ನಕ್ಕ. "ಯಾಕಜ್ಜಿ, ಓಣಿ ನಿನ್ನ ಹೆಸರ್ಲೆ ಅದೇನು? ಪಟ್ಟಾ ಇದ್ರ ತೋರ್ಸು."

"ನನ್ನ ಹೆಸರ್ಲೆ ಇಲ್ಲ. ನಿನ್ನ ಹೆಸರ್ಲೆ ಅದೇನು?"

"ಇಲ್ಲ."

"ಹಂಗಾದ್ರ ಇಬ್ಬರದೂ ಅದ. ಅರ್ಧ ಸುತ್ತು."

ಸಾಯಬಮ್ಮ ಕಿಸಕ್ಕೆಂದಳು. ನಾಲ್ಕು ಮನೆಯ ಬಾಗಿಲಲ್ಲಿ ಜನ ನಿಂತು ನೋಡುತ್ತಿದ್ದರು. ಲಕ್ಷ್ಮಿಕಾಂತನಿಗೆ ಬೇರೆ ದಾರಿ ಇರಲಿಲ್ಲ, ಗೊಣಗುತ್ತಾ ಅರ್ಧ ತಾಡಪಾಲು ಎಳೆದುಕೊಂಡ. ಅಂದು ಅತ್ತೆಯ ನಡಿಗೆ ನೋಡಬೇಕಿತ್ತು ನೀವು! ಮರುದಿನ ಅವನ ಮೆಣಸಿನಕಾಯಿಯ ಮಗ್ಗುಲಿಗೇ, ಒಂದು ಗೇಣು ಬಿಟ್ಟು, ಅವಳು ಹಾಸು ಕಟ್ಟಿದಳು. ಗಂಜಿ ಉಣಿಸಿದಳು. ದಿನವಿಡೀ ಅಲ್ಲೇ ಕಾವಲು ಕೂತಳು. ಒಳಗೆ ಮಷೀನು ದಡಬಡ ಅನ್ನುತ್ತಲೇ ಇತ್ತು, ಹಾಸು ಒಣಗುತ್ತಲೇ ಇತ್ತು. ಒಂದರ ಹಿಂದೊಂದು ಹೀಗೆ ಐದು ಕಂಬಳಿಯಾದವು. ಗೆದ್ದೆವು ಎಂದುಕೊಂಡಿದ್ದೆವು.

ಘಾಟಿನ ವಿಷಯ ಹೇಳಲು ಆ ಪಕ್ಕದ ಮನೆಯ ಮಾಲಕ ಅಯ್ಯಪ್ಪನವರಿಗೆ ಫೋನ್ ಹಚ್ಚಿದೆವು. ಅವರು ಯಾದಗಿರಿಯಲ್ಲಿ ಯಾವುದೋ ಆಫೀಸಿನಲ್ಲಿ ನೌಕರರು. ಮನೆ ಇಲ್ಲಿ, ಅವರ ಮೂಗು ಅಲ್ಲಿ.

"ಖಾರ ಅಂದಮ್ಯಾಲ ಘಾಟು ಇರೋದೇರಿ. ಸೀಸನ್ ಮುಗದ್ರ ಮುಗೀತು. ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ," ಅಂದರು.

"ನೀವೊಂದಿನ ಬಂದು ಅಡ್ಜಸ್ಟ್ ಮಾಡ್ಕೊಂಡು ತೋರಸ್ರಿ, ನೋಡಿ ಕಲೀತೀವಿ," ಅಂದಳು ಅತ್ತೆ. ಅಷ್ಟರಲ್ಲಿ ಆ ಕಡೆ ಫೋನ್ ಕಟ್ಟಾಗಿತ್ತು.

ಐದರಲ್ಲಿ ಮೊದಲನೆಯ ಕಂಬಳಿ ಹುಲಗಪ್ಪನಿಗೆ ಹೋಯಿತು. ಅವನು ನೂರಿಪ್ಪತ್ತು ಕುರಿಯ ಧಣಿ, ಅತ್ತೆಯ ಹಳೇ ಗಿರಾಕಿ. ಒಯ್ದು ಎಂಟು ದಿನವಾಗಿರಲಿಲ್ಲ, ಓಣಿಯ ಬಾಯಿಂದಲೇ ಕೂಗುತ್ತಾ ಬಂದ.

"ಭೀಮಕ್ಕಾ! ಹೊರಗ ಬಾ!"

ಕುತ್ತಿಗೆ, ಭುಜ ಎಲ್ಲ ಸುಟ್ಟ ಹಾಗೆ ಕೆಂಪಾಗಿತ್ತು. ಕಂಬಳಿಯನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು, ಸತ್ತ ಹಾವು ತಂದಂತೆ ದೂರ ಹಿಡಿದು ತಂದಿದ್ದ.

"ಕಂಬಳಿ ಕೇಳಿದ್ರ ಚಟ್ನಿ ಕೊಟ್ಟಿಯಲ್ಲಬೇ!"

"ಹೊಸಾ ಕಂಬಳಿ ಚುಚ್ತದ ಹುಲಗಪ್ಪ..."

"ನಲವತ್ತು ವರ್ಷಾತು ಕಂಬಳಿ ಹೊದಿಯಾಕತ್ತು. ಚುಚ್ಚೋದು ಯಾವುದು, ಉರಿಯೋದು ಯಾವುದು ನನಗ ತಿಳಿಯಂಗಿಲ್ಲೇನು? ಬಿಸಲಂತ ತಲೀಮ್ಯಾಲ ಹಾಕ್ಕೊಂಡೆ. ಬೆವರು ಹರೀತು ನೋಡು, ಕೊಳ್ಳಿ ಇಟ್ಟಂಗಾತು. ಓಡಿ ಹೋಗಿ ಕೆನಾಲಿನಾಗ ಜಿಗದೆ. ನನ್ನ ಹಿಂದ ಕುರಿ ಎಲ್ಲಾ ಜಿಗದ್ವು! ಅವನ್ನ ಎಳದು ಮ್ಯಾಲ ಹಾಕೋತನ ನನ್ನ ಜೀವ ಹೋಗಿ ಬಂತು."

ಸಾಯಬಮ್ಮ ನಗು ತಡೆಯಲಾಗದೆ ಗೋಡೆಗೆ ಮುಖ ಮಾಡಿದಳು. ಅತ್ತೆ ಮಾತ್ರ ಕಂಬಳಿಯ ಅಂಚು ಹಿಡಿದು, ಎರಡು ಬೆರಳಲ್ಲಿ ತಿಕ್ಕಿ, ಮೂಸಿ, ಕೊನೆಗೆ ನಾಲಿಗೆಯ ತುದಿಗೆ ಮುಟ್ಟಿಸಿದಳು.

"ಬ್ಯಾಡಗಿ ಅಲ್ಲ," ಅಂದಳು. "ಗುಂಟೂರದ್ದು."

ಆಗ ನಮಗೆಲ್ಲ ಹೊಳೆಯಿತು. ಅಂಟಂಟು ಗಂಜಿ, ಮಗ್ಗುಲಲ್ಲಿ ಮೆಣಸಿನಕಾಯಿ, ಗಾಳಿಯ ತುಂಬ ಖಾರದ ಪುಡಿ. ಹಾಸು ದಿನವಿಡೀ ಖಾರ ಕುಡಿದು ಒಣಗಿತ್ತು. ಅರ್ಧ ಓಣಿ ಗೆದ್ದೆವೆಂದು ಬೀಗಿದ ದಿನವೇ ನಾವು ಸೋತಿದ್ದೆವು.

ಹುಲಗಪ್ಪನ ಸಿಟ್ಟು ಇಳಿದು ದನಿ ಸಣ್ಣದಾಯಿತು. "ಈಗ ನಾ ಮಂದಿಗಿ ಏನಂತ ಹೇಳ್ಲಿ ಭೀಮಕ್ಕ? ಭೀಮಮ್ಮನ ಕಂಬಳಿ ತಗೋಬ್ಯಾಡ್ರಿ ಅಂತ ಹೇಳ್ಲಿ?"

"ಹೇಳು," ಅಂದಳು ಅತ್ತೆ. "ಮನ್ಯಾಗ ಇನ್ನೂ ನಾಕ ಅದಾವ, ನಾಕೂ ಇಂಥವೇ. ತಗೋಬ್ಯಾಡ್ರಿ ಅಂತ್ಲೇ ಹೇಳು. ಆದ್ರ ಮಳಿ ಹಿಡಿಯಾಕಿಂತ ಮೊದಲ ನಿನ್ನ ಹೆಗಲಿಗಿ ಚೊಕ್ಕ ಕಂಬಳಿ ಹಾಕ್ತೀನಿ. ಹಾಕಲಿಲ್ಲಂದ್ರ ಈ ಮಗ್ಗದ ಕುಣಿಗಿ ಮಣ್ಣು ತುಂಬತೀನಿ. ಇದನ್ನೂ ಮಂದಿಗಿ ಹೇಳು."

ಹುಲಗಪ್ಪ ಹೋದ ಮೇಲೆ ನಮ್ಮ ಮನೆಯವರು ಅವನು ಬಿಟ್ಟುಹೋದ ಕಂಬಳಿಯನ್ನು ಮೂರು ನೀರಲ್ಲಿ ತೊಳೆದು ನೋಡಿದರು. ಗಂಜಿ ಬಿಟ್ಟು ಹೋಗಿ ಕಂಬಳಿ ಹಳೇ ಗೋಣಿಯಂತೆ ಜೋತು ಬಿತ್ತು. ಖಾರ ಮಾತ್ರ ನಿಷ್ಠೆಯಿಂದ ಉಳಿಯಿತು.

"ಅವ್ವಾ, ಸೀಸನ್ ಮುಗಿಯೋತನ ಮೌನೇಶ್ವರಿ ತವರಮನಿಗಿ ಹೋಗೋಣು. ಅಲ್ಲೇ ಓಣ್ಯಾಗ ಹಾಸು ಕಟ್ಟಿದ್ರಾತು," ಅಂದರು ಅವರು, ನನ್ನ ಕಡೆ ಕೈ ಮಾಡಿ.

"ಹೋಗೋದಿದ್ರ ನೀ ಹೋಗು. ಈ ವರ್ಷ ನಾವು ಎದ್ದು ಹೋದ್ರ ಬರೋ ವರ್ಷ ಅವ ನಮ್ಮ ಕಟ್ಟಿಮ್ಯಾಲೂ ಮೆಣಸಿನಕಾಯಿ ಒಣಗ್ಸತಾನ. ಬಂದವ ಅವ. ಹೋಗೋದೂ ಅವನೇ."

"ಹೆಂಗ ಹೋಗ್ತಾನಬೇ?"

"ಅದು ನನಗೂ ತಿಳೀವಲ್ದು," ಅಂದಳು ಅತ್ತೆ. "ತಿಳಿಯೋತನ ಕೂತಿರ್ತೀನಿ." ಆ ನಾಲ್ಕು ಕಂಬಳಿಗಳನ್ನೂ ಮಡಚಿ, ಗೋಡೆಗೆ ಒತ್ತಿಟ್ಟು, ಯಾರೂ ಮುಟ್ಟಬಾರದೆಂದು ಹೇಳಿದಳು.

ಏಪ್ರಿಲ್ ಕೊನೆಯ ರವಿವಾರ, ನೆತ್ತಿಯ ಮೇಲೆ ಬಿಸಿಲು ಇರುವಾಗ ಅಯ್ಯಪ್ಪನವರೇ ಬಂದರು. ಬಿಳೀ ತೆಳು ಪೈಜಾಮ, ಬಿಳೀ ಜುಬ್ಬ. ನಮ್ಮ ದೂರು ಕೇಳಲು ಬಂದರೆಂದು ನಾನು ಲಗುಬಗೆಯಿಂದ ನೀರು ಕೊಟ್ಟೆ. ಅವರು ಬಂದದ್ದು ಬೇರೆ ಕೆಲಸಕ್ಕೆ.

"ನಮ್ಮ ಸಾಹೇಬ್ರದು ಮೇ ಮೂವತ್ತೊಂದಕ್ಕ ರಿಟೈರ್‌ಮೆಂಟ್ ಅದರೀ ಅವ್ವಾರ. ಕಂಬಳಿ ಹೊದಿಸಿ ಸನ್ಮಾನ ಮಾಡೋಣಂತ ಆಫೀಸಿನವ್ರೆಲ್ಲ ಠರಾಯಿಸೀವಿ. ಹೊದಿಸಿದ್ರ ಭೀಮಮ್ಮನ ಕಂಬಳೀನೇ ಹೊದಿಸ್ಬೇಕು, ನಮ್ಮ ಮನೀ ಮಗ್ಗಲದಾಗೇ ಅದಾರ, ನಾ ತರ್ತೀನಿ ಅಂತ ಎದಿ ತಟ್ಟಿ ಹೇಳಿ ಬಂದೀನಿ."

ನಮ್ಮ ಮನೆಯವರ ಕಣ್ಣು ಹೊಳೆಯಿತು. ತಾಯಿಯನ್ನು ಒಳಗೆ ಕರೆದು ಪಿಸುಗುಟ್ಟಿದರು. "ಕೊಟ್ಟಬಿಡಬೇ ಒಂದು. ಸಾಹೇಬ ಸ್ಟೇಜ್ ಮ್ಯಾಲ ಕುಣೀಲಿ. ಇವರಿಗಿ ಬುದ್ಧಿ ಬರ್ತದ."

"ನನ್ನ ಹೆಸರ್ಲೆ ಯಾರೂ ಕುಣಿಯೋದು ಬ್ಯಾಡ," ಅಂದಳು ಅತ್ತೆ. ಆಮೇಲೆ ಗೋಡೆಯ ಕಡೆ ನೋಡಿದಳು. "ಏ ಮೌನೇಶ್ವರಿ, ಎರಡು ಕಂಬಳಿ ತಾ. ಚಿಮಟಿಗೀಲೆ ಹಿಡಕೊಂಡು ತಾ."

ಮನೆಗೆ ಬಂದ ದೊಡ್ಡವರನ್ನು ಕಂಬಳಿ ಹಾಸಿ ಕೂರಿಸುವುದು ನಮ್ಮ ಮನೆತನದ ಪದ್ಧತಿ. ಅತ್ತೆ ಒಂದನ್ನು ಹಾಸಿ, "ಕೂಡ್ರಿ," ಅಂದಳು. ಇನ್ನೊಂದನ್ನು ಅವರ ಹೆಗಲಿಗೆ ಹೊದಿಸಿದಳು. "ಸಾಹೇಬ್ರಿಗಿ ಹೊದಿಸೋದು ಅಂದ್ರ ಮೊದಲ ನೀವು ಹೊದ್ದು ನೋಡಬೇಕಲ್ರಿ. ಉದ್ದ ಸಾಕೇನು? ಅಗಲ?"

"ಭಾಳ ಛಲೋ ಅದ," ಎಂದು ಅಯ್ಯಪ್ಪನವರು ಹಿಗ್ಗಿದರು. ಕರೆಂಟ್ ಇರಲಿಲ್ಲ. ಫ್ಯಾನು ಸತ್ತು ಬಿದ್ದಿತ್ತು. ಅತ್ತೆ ಎದುರಿಗೆ ಕೂತು ನಿಧಾನಕ್ಕೆ ಮಾತಿಗಿಳಿದಳು: ಸಾಹೇಬರಿಗೆ ಮಕ್ಕಳೆಷ್ಟು, ಇಡೀ ಆಫೀಸಿನವರೆಲ್ಲ ಜೂನ್ ಒಂದಕ್ಕೇ ಹೇಗೆ ಹುಟ್ಟಿದರು, ಆ ತಾರೀಖು ಬರೆದುಕೊಂಡ ಮಾಸ್ತರನಿಗೆ ಬೇರೆ ತಿಂಗಳು ಗೊತ್ತಿರಲಿಲ್ಲವೇ. ಅಯ್ಯಪ್ಪನವರು ಮೊದಲು ನಕ್ಕರು. ಆಮೇಲೆ ಕುತ್ತಿಗೆ ಕೆರೆದರು. ಬಲಕ್ಕೆ ವಾಲಿದರು, ಎಡಕ್ಕೆ ವಾಲಿದರು. ಹಣೆಯಿಂದ ಬೆವರು ಇಳಿದು ಕಾಲರಿನೊಳಗೆ ಹೋಯಿತು.

"ಇದೇನ್ರಿ ಅವ್ವಾರ... ಉರಿಯಾಕತ್ತದಲ್ರಿ?"

"ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ."

"ಇಲ್ರಿ, ಖರೇನ ಉರಿಯಾಕತ್ತದ! ಕೆಳಗೂ!"

"ಸೀಸನ್ ಮುಗದ್ರ ಮುಗೀತ್ರಿ."

ಅಯ್ಯಪ್ಪನವರು ಜಿಗಿದೆದ್ದರು. ಹೆಗಲಿನ ಕಂಬಳಿ ಒಂದು ಕಡೆ ಹಾರಿತು, ಚಪ್ಪಲಿ ಇನ್ನೊಂದು ಕಡೆ. ನಮ್ಮ ಮನೆಯವರು ಅವರನ್ನು ಹಿತ್ತಲಿಗೆ ಕರೆದೊಯ್ದು ನಾಲ್ಕು ಕೊಡ ನೀರು ಸುರಿದರು. ನಾನು ಒಂದು ತಂಬಿಗೆ ಮಜ್ಜಿಗೆ ಕೊಟ್ಟೆ. ಅರ್ಧ ಕುಡಿದರು, ಅರ್ಧ ಕುತ್ತಿಗೆಗೆ ಹಚ್ಚಿಕೊಂಡರು. ಒದ್ದೆ ಬಟ್ಟೆಯಲ್ಲಿ ನಿಂತ ಅವರಿಗೆ ಅತ್ತೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಹುಲಗಪ್ಪನ ಕುತ್ತಿಗೆ, ಕೆನಾಲಿಗೆ ಬಿದ್ದ ಕುರಿ, ಒಂದನ್ನೂ ಬಿಡಲಿಲ್ಲ.

"ನಾ ಬಾಯಿ ಮುಚ್ಗೊಂಡು ಕೊಟ್ಟಿದ್ರ ಇದನ್ನೇ ಒಯ್ದು ನಿಮ್ಮ ಸಾಹೇಬ್ರಿಗಿ ಹೊದಿಸ್ತಿದ್ರಿ. ಕೊಡಲಿಲ್ಲ. ಯಾಕಂದ್ರ ನನಗ ನಿಮ್ಮ ಮ್ಯಾಲ ಸಿಟ್ಟದ, ಕಂಬಳಿ ಮ್ಯಾಲ ಇಲ್ಲ. ನಿಮಗ ಭೀಮಮ್ಮನ ಕಂಬಳಿ ಬೇಕಂದ್ರ ಓಣಿ ಚೊಕ್ಕ ಆಗ್ಬೇಕು. ಮಷೀನು ಇರೋತನ ನಾ ಒಂದೆಳಿ ಕಟ್ಟಂಗಿಲ್ಲ. ಬಜಾರದಾಗಿಂದ ಒಂದು ಶಾಲು ತಂದು ಹೊದಿಸ್ಕೋರಿ."

ಎದೆ ತಟ್ಟಿ ಹೇಳಿ ಬಂದ ಮನುಷ್ಯ. ತಟ್ಟಿದ ಎದೆಯನ್ನೇ ಕೆರೆದುಕೊಳ್ಳುತ್ತಾ ಪಕ್ಕದ ಮನೆಗೆ ಹೋದರು. ನಾವೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆವು.

"ಸೀಸನ್ ಮುಗಿಯೋತನ ಇರು ಅಂತ ನೀವೇ ಮಾತು ಕೊಟ್ಟೀರಿ ಸರ," ಎಂದು ಲಕ್ಷ್ಮಿಕಾಂತ ಎದ್ದು ನಿಂತ. "ಈ ಮುದುಕಿ ಮಾತು ಕೇಳಿ ನನ್ನ ಎಬ್ಬಸ್ತೀರೇನು?"

"ಆ ಕಂಬಳಿ ಹೊದ್ದು ಹತ್ತು ನಿಮಿಷ ಕೂಡು. ಕೂತ್ರ ಸೀಸನ್ ಮುಗಿಯೋತನ ಇರು. ನಾ ಏನೂ ಅನ್ನಂಗಿಲ್ಲ," ಅಂದರು ಅಯ್ಯಪ್ಪನವರು.

ಅತ್ತೆ ಜೊತೆಗೇ ತಂದಿದ್ದ ಕಂಬಳಿಯನ್ನು ಚಿಮಟಿಗೆಯಲ್ಲೇ ಮುಂದೆ ಹಿಡಿದಳು. ಲಕ್ಷ್ಮಿಕಾಂತ ನೋಡಿದ. ಕೈ ಮುಂದೆ ಬರಲಿಲ್ಲ.

ಆಗ ಮಾತಾಡಿದವಳು ದೇವಕಮ್ಮ. ಮೂರು ತಿಂಗಳಲ್ಲಿ ಅವಳ ದನಿ ನಾವು ಕೇಳಿದ್ದೇ ಕಡಿಮೆ, ಕೆಮ್ಮು ಮಾತ್ರ ಕೇಳಿದ್ದೆವು. "ಅವರೇನ್ ಕೂಡ್ತಾರ," ಅಂದಳು, "ಮಷೀನಿನ ಮುಂದ ದಿನಾ ಕೂಡಾಕಿ ನಾನು. ಅವರು ಮಾಲು ತರಾಕ ಅಂತ ಹೊರಗೇ ಇರ್ತಾರ. ರಂಗಂಪೇಟಿ ದಾಟಿದ ಮ್ಯಾಲ ಹೊಲದಾಗ ಒಂದು ಶೆಡ್ ಖಾಲಿ ಅದ, ನಾಕ ಕಡಿ ಗಾಳಿ ಆಡ್ತದ, ಅಲ್ಲಿ ಹೋಗೋಣು ಅಂತ ಬಂದಾಗಿನಿಂದ ಹೇಳಾಕತ್ತೀನಿ. ಊರಾಗ ಇದ್ರ ಗಿರಾಕಿ ಬರ್ತಾರ ಅಂತ ಕೇಳಂಗಿಲ್ಲ."

"ನೀ ಸುಮ್ಮನಿರು."

"ಸುಮ್ಮನಿದ್ದು ಇದ್ದು ನನ್ನ ಗಂಟಲಾ ಹೋಗ್ಯದ. ನೀವು ಬರ್ತೀರೋ ಬಿಡ್ತೀರೋ, ನಾ ಆ ಶೆಡ್ಡಿಗಿ ಹೋಗಾಕಿ."

ಗೋಡೆಗೆ ಗೋಡೆ ಹತ್ತಿದ ಮನೆ, ಮೂರು ತಿಂಗಳು ನಾವು ಅವಳನ್ನೂ ಸೇರಿಸಿಯೇ ಬೈಯುತ್ತಿದ್ದೆವು.

ಮೇ ಮೊದಲ ವಾರ ಅವೇ ಮಷೀನು ಅದೇ ಟ್ರ್ಯಾಕ್ಟರು ಹತ್ತಿದವು. ನಮ್ಮ ಮನೆಯವರು ಮತ್ತೆ ಹೆಗಲು ಕೊಟ್ಟರು. ಈ ಸಲ ಅತ್ತೆ ಪಕ್ಕದಲ್ಲಿ ನಿಂತು, "ಇನ್ನೂ ಸ್ವಲ್ಪ ಜೋರ್ ಹಚ್ಚೋ ಬೀರ್ಯಾ," ಎಂದು ಹುರುಪು ತುಂಬಿದಳು. ದೇವಕಮ್ಮ ನಮ್ಮ ಬಾಗಿಲಿಗೆ ಬಂದು, "ಬರ್ತೀನ್ರಿ ಅತ್ತಿ," ಅಂದಳು. ಅತ್ತೆ ಅವಳ ಉಡಿಗೆ ಬೆಲ್ಲದ ಉಂಡೆ ಹಾಕಿದಳು. ಗಂಟಲಿಗೆ ಒಳ್ಳೆಯದು ಅಂದಳು.

ಲಕ್ಷ್ಮಿಕಾಂತ ಟ್ರ್ಯಾಕ್ಟರಿನ ಮೇಲಿಂದ ಕೊನೆಯ ಮಾತು ಎಸೆದ. "ಓಣಿ ಪೂರಾ ನಿಂದೇ ಆತಲ್ಲಜ್ಜಿ. ಇನ್ನ ಪಟ್ಟಾ ಮಾಡಿಸ್ಕೋ."

"ಪಟ್ಟಾ ಯಾಕ ಬೇಕೋ?" ಅಂದಳು ಅತ್ತೆ. "ನೀ ಹೊಂಟೀದಿ, ನಾ ನಿಂತೀನಿ. ಅಷ್ಟ ಸಾಕು."

ಟ್ರ್ಯಾಕ್ಟರು ತಿರುವಿನಲ್ಲಿ ಮರೆಯಾಯಿತು. ಯಾರೂ ಕೂಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಇಷ್ಟು ಸದ್ದಿಲ್ಲದ ಓಣಿಯಲ್ಲಿ ಏನು ಮಾಡಬೇಕೆಂದೇ ತೋಚಲಿಲ್ಲ. ದೂರದಲ್ಲಿ ಯಾರೋ ರೊಟ್ಟಿ ಬಡಿಯುತ್ತಿದ್ದದ್ದು ಕೇಳಿಸಿತು. ಸಾಯಬಮ್ಮ ಮೂಗಿನಿಂದ ಸೆರಗು ತೆಗೆದು, ಉದ್ದಕ್ಕೆ ಉಸಿರೆಳೆದು, "ಭೀಮಕ್ಕ, ನಿಮ್ಮ ಮನ್ಯಾಗ ಇವತ್ತು ಪುಂಡಿಪಲ್ಲೆ ಮಾಡೀರಿ!" ಅಂದಳು. ಹೌದು, ಮಾಡಿದ್ದೆ. ಮೂರು ತಿಂಗಳಿಂದ ಅವಳಿಗೆ ನಮ್ಮ ಅಡುಗೆ ಏನೆಂದು ಮೂಸಿ ಹೇಳಲಾಗಿರಲಿಲ್ಲ. ಅದೊಂದು ಅವಳಿಗೆ ದೊಡ್ಡ ದುಃಖವಾಗಿತ್ತು. ನಾನು ನಗುತ್ತಾ ಒಂದು ಬಟ್ಟಲು ತಂದುಕೊಟ್ಟೆ.

ಓಣಿಯವರೆಲ್ಲ ಸೇರಿ ನೀರು ಹಾಕಿ ತೊಳೆದೆವು. ಗಟಾರದಲ್ಲಿ ಕೆಂಪು ನೀರು ಬಹಳ ಹೊತ್ತು ಹರಿಯಿತು. ನಾಲ್ಕು ದಿನಕ್ಕೆ ಗುಡುಗು ಸಹಿತ ಒಂದು ಮಳೆ ಬಂದು ಮಾಳಿಗೆಗಳನ್ನೂ ತೊಳೆಯಿತು. ಆದರೂ ಅತ್ತೆ ಅವಸರ ಮಾಡಲಿಲ್ಲ. ಒಂದು ಬಿಳಿ ಬಟ್ಟೆಗೆ ಹುಣಸೆ ಗಂಜಿ ಹಚ್ಚಿ ಓಣಿಯ ನಡುವೆ ಕಟ್ಟಿದಳು. ಸಂಜೆ ಬಿಚ್ಚಿ, ನಾಲಿಗೆಗೆ ಮುಟ್ಟಿಸಿ, "ಇನ್ನೂ ಅದ," ಅಂದಳು. ಮರುದಿನ ಮತ್ತೆ ಕಟ್ಟಿದಳು. ಆರನೆಯ ಸಂಜೆ ಆ ಬಟ್ಟೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೆಕ್ಕಿ ನೋಡಿದಳು, ಎಳೇ ಕರುವನ್ನು ತಾಯಿ ನೆಕ್ಕುವ ಹಾಗೆ. ಆಮೇಲೆ ಕಟ್ಟೆಯ ಮೇಲೆ ಧೊಪ್ಪೆಂದು ಕೂತಳು.

"ಇಲ್ಲ," ಅಂದಳು. "ಮೌನೇಶ್ವರಿ, ಇಲ್ಲವಾ, ಏನೂ ಇಲ್ಲ." ಅವಳ ಕಣ್ಣಲ್ಲಿ ನೀರಿತ್ತು. ಈ ಸಲ ಅದಕ್ಕೆ ಖಾರ ಕಾರಣವಲ್ಲ.

ಮೇ ಮೂವತ್ತರ ಮಧ್ಯಾಹ್ನ ಅಯ್ಯಪ್ಪನವರು ಬಂದಾಗ ಹೊಸ ಹಾಸಿನ ಮೊದಲ ಕಂಬಳಿ ಹಿಂದಿನ ಸಂಜೆಯೇ ಮಗ್ಗದಿಂದ ಇಳಿದಿತ್ತು. ಅದನ್ನು ಹೊದ್ದು ಓಣಿಯ ನಟ್ಟನಡುವೆ, ಸುಡುವ ಬಿಸಿಲಲ್ಲಿ, ಹುಲಗಪ್ಪ ಕೂತಿದ್ದ. ಬೆವರು ಧಾರೆಯಾಗಿ ಇಳಿಯುತ್ತಿತ್ತು. ಅವನ ಸುತ್ತ ಇಡೀ ಓಣಿ.

"ಉರೀತದೇನೋ?" ಅತ್ತೆ ಕೇಳಿದಳು.

"ತಡಿಬೇ, ಇನ್ನ ಸ್ವಲ್ಪ ಬೆವರ್ಲಿ." ಹುಲಗಪ್ಪ ಕಣ್ಣು ಮುಚ್ಚಿ ಕುತ್ತಿಗೆಯನ್ನು ಅತ್ತಿತ್ತ ತಿಕ್ಕಿ ನೋಡಿದ. "ಚುಚ್ತದ."

"ಚುಚ್ತದೋ, ಉರೀತದೋ?"

"ಚುಚ್ತದ. ಬರೇ ಚುಚ್ತದ." ಅವನು ಕಣ್ಣು ತೆರೆದು ಹಲ್ಲು ಬಿಟ್ಟ. "ಭೀಮಮ್ಮನ ಕಂಬಳಿ ಚುಚ್ಚಿದಂಗ ಚುಚ್ತದ."

ಓಣಿ ಹೋ ಎಂದಿತು. ಅಯ್ಯಪ್ಪನವರು ಅವಸರದಿಂದ ಮುಂದೆ ಬಂದು ಕಂಬಳಿಗೆ ಕೈ ಚಾಚಿದರು. "ಆತಲ್ರಿ ಅವ್ವಾರ, ಕೊಟ್ಟಬಿಡ್ರಿ ಇದನ್ನ. ನಾಳಿ ಮುಂಜಾನಿ ಹತ್ತಕ್ಕ ಕಾರ್ಯಕ್ರಮ ಅದ."

"ಇದು ಹುಲಗಪ್ಪಂದು," ಅಂದಳು ಅತ್ತೆ.

"ಅಲ್ರಿ, ಇವನಿಗಿ ಎರಡು ದಿನ ತಡೆದು ಕೊಟ್ರ ನಡೀತದ. ಅವರು ಗೆಜೆಟೆಡ್ ಆಫೀಸರ್..."

"ಮೊದಲ ಸುಟ್ಟಿದ್ದು ಇವನ ಕುತ್ತಿಗಿ. ನಿಮ್ಮ ಸಾಹೇಬ್ರದು ಎರಡನೇದು, ಮಗ್ಗದ ಮ್ಯಾಲ ಅದ. ಬೀರ್ಯಾ ಕೂತಾನ, ದಿನ ಮುಳುಗೋದ್ರಾಗ ಇಳೀತದ." ಅತ್ತೆ ಸೆರಗಿನಿಂದ ಕಟ್ಟೆಯ ಧೂಳು ಹೊಡೆದಳು. "ಕೂಡ್ರಿ. ಗಾಳಿ ಛಲೋ ಅದ ಈಗ."

ಅಯ್ಯಪ್ಪನವರು ಕಟ್ಟೆಯನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿ, ಆಮೇಲೆ ಕೂತರು.